ಫಿಲಿಪ್ ವೆಂಡ್ಲಿಂಗ್ ಹಾಕಿದ ನೀರು

ಸೆಡ್ರೋ ಪಿಕಾಡಾದಲ್ಲಿ ಫಿಲಿಪ್ ವೆಂಡ್ಲಿಂಗ್ ಪಾದ್ರಿಯಾದದ್ದು ದೇವರು ಕರೆದನೆಂದಲ್ಲ, ಅವನ ಹತ್ತಿರ ಒಂದು ಕರಿ ಕೋಟು ಇತ್ತೆಂದು. ಕಾಡು ಕಡಿದು ಎಳೆದ ಒಂದೇ ಒಂದು ದಾರಿ, ಅದರ ಎರಡೂ ಬದಿಗೆ ಜರ್ಮನಿಯಿಂದ ಹಡಗು ಹತ್ತಿ ಬಂದವರ ಮನೆಗಳು. ಬ್ರೆಜಿಲಿನ ಈ ತೆಂಕಣ ತುದಿಯಲ್ಲಿ ಅಂಥ ದಾರಿಗೇ ಪಿಕಾಡಾ ಅನ್ನುವುದು. ನಮ್ಮ ಪಿಕಾಡಾದಲ್ಲಿ ಮೊದಲು ಸತ್ತವಳು ಹಾವು ಕಚ್ಚಿದ ಒಬ್ಬ ಹೆಂಗಸು. ಪಾದ್ರಿ ಬೇಕೆಂದರೆ ದೋಣಿ ಹತ್ತಿ ಹೊಳೆಯುದ್ದಕ್ಕೂ ಕೆಳಗೆ ಹೋಗಿ ಕರೆತರಬೇಕು. ಆ ಸೆಕೆಯಲ್ಲಿ ಹೆಣ ಅಲ್ಲಿಯ ತನಕ ಕಾಯುವುದಿಲ್ಲ. ನಾಯಿಯನ್ನು ಹೂಳಿದ ಹಾಗೆ ಹೂಳಲು ಯಾರಿಗೂ ಮನಸ್ಸಿಲ್ಲ. ಗಂಡಸರು ಗುದ್ದಲಿ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು.

"ಫಿಲಿಪ್, ನಿನ್ನ ಹತ್ರ ಕರಿ ಕೋಟಿದೆ, ಓದಕ್ಕೂ ಬರುತ್ತೆ. ನೀನೇ ಏನಾದ್ರೂ ಓದ್ಬಿಡಪ್ಪ" ಎಂದ ಒಬ್ಬ.

ಫಿಲಿಪ್ ಜೋಡು ಹೊಲಿಯುವವನು. ಪಾದ್ರಿಗಳು ಚರ್ಚಿನಲ್ಲಿ ಹೇಳುವ ಪ್ರಸಂಗಗಳ ಪುಸ್ತಕವೊಂದು, ಅವನ ಅಪ್ಪನ ಕಾಲದ್ದು, ಪೆಟ್ಟಿಗೆಯ ತಳದಲ್ಲಿ ಬಿದ್ದಿತ್ತು. ಕೋಟು ಹಾಕಿಕೊಂಡು, ಕೈಗೆ ಅಂಟಿದ್ದ ಮೇಣ ಕೆರೆದುಕೊಂಡು, ಗುಂಡಿಯ ಪಕ್ಕ ನಿಂತು ಗಟ್ಟಿ ದನಿಯಲ್ಲಿ ಓದಿದ. ಅರ್ಧಕ್ಕೆ ಬಂದಾಗ ಅವನಿಗೇ ಅಳು ಬಂತು. ಅವನು ಅತ್ತದ್ದು ನೋಡಿ ಎಲ್ಲರೂ ಅತ್ತರು, ಮನಸ್ಸು ಹಗುರ ಮಾಡಿಕೊಂಡು ಮನೆಗೆ ಹೋದರು. ಮುಂದಿನ ವಾರ ಯಾರದೋ ಮಗು ಹುಟ್ಟಿತು, ಅದಕ್ಕೆ ದೀಕ್ಷಾಸ್ನಾನ ಮಾಡಿಸೆಂದರು. ಆಮೇಲೆ ಒಂದು ಮದುವೆ. ಹೀಗೇ ನಡೆಯುತ್ತಿರಲು ಒಂದು ಭಾನುವಾರ ಎಲ್ಲರೂ ಕೈಯೆತ್ತಿ ಅವನನ್ನು ಪಾದ್ರಿ ಮಾಡಿಬಿಟ್ಟರು. ಮನೆಗೊಂದು ಮೂಟೆ ಮುಸುಕಿನ ಜೋಳ ಅವನಿಗೆ ಸಲ್ಲಬೇಕೆಂದು ಗೊತ್ತಾಯಿತು. ಯಾವ ಮೂಟೆಗೆ ಹುಳ ಬಿದ್ದಿದೆಯೋ ಅದೇ ಮೂಟೆ ಅವನ ಮನೆಗೆ ಬರುತ್ತಿತ್ತು. ನಮ್ಮವರು ದೇವರಿಗೆ ಹೆದರುತ್ತಾರೆ, ದೇವರ ಆಳಿಗೆ ಹೆದರುವುದಿಲ್ಲ.

ಚರ್ಚು ಕಟ್ಟಿದ್ದೂ ಅವನೇ. ಬ್ರೆಜಿಲಿನ ಚಕ್ರವರ್ತಿಯ ಕಾನೂನು ಆಗ ಬಲು ವಿಚಿತ್ರ: ದೊರೆಯ ಕ್ಯಾಥೊಲಿಕ್ ಮತದವರಲ್ಲದವರು ಪ್ರಾರ್ಥನೆ ಮಾಡಿಕೊಳ್ಳಬಹುದು, ಆದರೆ ಕಟ್ಟಡ ಹೊರಗಿನಿಂದ ಚರ್ಚಿನ ಹಾಗೆ ಕಾಣಬಾರದು. ಗೋಪುರ ಬೇಡ, ಗಂಟೆ ಬೇಡ, ಶಿಲುಬೆಯೂ ಬೇಡ. ಫಿಲಿಪ್ ತನ್ನ ಪಾಲಿನ ನೆಲದಿಂದ ಒಂದು ತುಂಡು ಬಿಟ್ಟುಕೊಟ್ಟ, ತನ್ನ ದೇವದಾರು ಮರಗಳನ್ನು ಕಡಿಸಿ ಹಲಗೆ ಮಾಡಿಸಿದ. ಕಟ್ಟಿ ಮುಗಿಸಿದಾಗ ಅಂಗಡಿಯ ರಿಟ್ಸೆಲ್ ದೂರದಲ್ಲಿ ನಿಂತು ನೋಡಿ, "ಹಂದಿ ಕಟ್ಟೋ ಗೂಡಿನ ಹಾಗಿದೆ ಮಾರಾಯ. ಕಾನೂನಿನವ್ರು ಖಂಡಿತ ಅನುಮಾನ ಪಡಲ್ಲ ಬಿಡು" ಎಂದ. ಎಲ್ಲರೂ ನಕ್ಕರು. ಆ ಹಂದಿಗೂಡಿನಲ್ಲೇ ಅವರ ಮಕ್ಕಳಿಗೆ ಹೆಸರಿಟ್ಟದ್ದು, ಅವರ ಹೆಣಗಳಿಗೆ ಹಾಡಿದ್ದು. ಈಗ ಅಲ್ಲೇ ಗೋಪುರವಿರುವ ಕಲ್ಲಿನ ಚರ್ಚಿದೆ. ಅದರ ಗೋಡೆಯ ಮೇಲೆ ಸ್ಥಾಪಕರ ಹೆಸರು ಕೆತ್ತಿದ್ದಾರೆ. ಫಿಲಿಪ್ ವೆಂಡ್ಲಿಂಗನ ಹೆಸರು ಎಲ್ಲೂ ಇಲ್ಲ, ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ.

ಅವನೇನು ಸಂತನಲ್ಲ. ಪುಸ್ತಕದಲ್ಲಿದ್ದ ಪ್ರಸಂಗಗಳನ್ನೇ ತಿರುಗಿಸಿ ತಿರುಗಿಸಿ ಓದುತ್ತಿದ್ದ. ಮುಂದಿನ ಸಾಲು ಯಾವುದೆಂದು ಹೆಂಗಸರಿಗೆ ಅವನಿಗಿಂತ ಮೊದಲೇ ಗೊತ್ತಿರುತ್ತಿತ್ತು. ಹೂಳುವ ಕೆಲಸವಿದ್ದ ದಿನ ಧೈರ್ಯಕ್ಕೆಂದು ಒಂದು ಗುಟುಕು ಕಬ್ಬಿನ ಸಾರಾಯಿ ಏರಿಸುತ್ತಿದ್ದ. ಜನ 'ಪಾದ್ರಿಗಳೇ' ಎಂದು ಕರೆದರೆ ಅವನ ಎದೆ ಉಬ್ಬುತ್ತಿತ್ತು. ಆ ಉಬ್ಬುವಿಕೆ ಅವನ ಹೆಂಡತಿ ಯೂಲಿಯಾನಾಳ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. "ಕೋಟು ಬಿಚ್ಚು, ಹಂದಿಗೆ ಗೆಣಸು ಹಾಕು" ಎನ್ನುತ್ತಿದ್ದಳು. ಆದರೂ ಒಳಗೊಳಗೆ ಅವಳಿಗೂ ಹೆಮ್ಮೆಯೇ.

ಅವರಿಗೆ ಲೀಸ್ಬೆತ್ ಎಂಬ ಒಬ್ಬ ಮಗಳು. ಅವಳ ನಂತರ ಬಹಳ ವರ್ಷ ಏನೂ ಆಗದೆ, ಕೊನೆಗೊಮ್ಮೆ ಯೂಲಿಯಾನಾ ಬಸುರಾದಳು. ಜೋಳ ಕೀಳುವ ಕಾಲ, ನಡುಮಧ್ಯಾಹ್ನ. ಹೆರಿಗೆ ಮಾಡಿಸುವ ಪಕ್ಕದ ಮನೆಯ ಬಾರ್ಬೆಲ್ ಮಗುವನ್ನು ತಲೆಕೆಳಗು ಹಿಡಿದು ಬೆನ್ನಿಗೆ ಬಡಿದಳು. ಗಂಡು ಮಗು, ಮೈಯೆಲ್ಲ ನೀಲಿ. ಅಳಲಿಲ್ಲ.

"ಫಿಲಿಪ್! ಬೇಗ ಬಾರೋ! ಇದು ಉಳಿಯಲ್ಲ!" ಎಂದು ಕೂಗಿದಳು.

ಫಿಲಿಪ್ ಜೋಡು ಹೊಲಿಯುವಾಗ ಕಟ್ಟಿಕೊಳ್ಳುವ ತೊಗಲಿನ ಮುಂಗವಚದಲ್ಲೇ ಓಡಿಬಂದ. ಕೋಟು ಹುಡುಕಲು ಹೊತ್ತಿರಲಿಲ್ಲ. ಮಾಟೆ ಕಷಾಯಕ್ಕೆಂದು ಒಲೆಯ ಮೂಲೆಯಲ್ಲಿಟ್ಟ ಕೆಟಲಿನಿಂದ ಅಂಗೈಗೆ ಬೆಚ್ಚನೆ ನೀರು ಸುರಿದುಕೊಂಡು ಮಗುವಿನ ನೆತ್ತಿಗೆ ಹಾಕಿದ. ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿದ. ನಿಕೊಲಾಸ್ ಎಂದು ತನ್ನ ಅಪ್ಪನ ಹೆಸರಿಟ್ಟ. ಮಗು ತುಟಿಯನ್ನೊಮ್ಮೆ ಅಲುಗಿಸಿತು, ಅಷ್ಟಕ್ಕೇ ಉಸಿರು ನಿಂತಿತು. ಅದನ್ನು ಯಾರೂ ನಿಕೊಲಾಸ್ ಎಂದು ಕರೆಯಲಿಲ್ಲ, ನಿಕ್ಕೆಲ್ ಎಂದೇ ಕರೆದರು, ಸತ್ತ ಮೇಲೆ.

ಯೂಲಿಯಾನಾ ಆ ದುಃಖವನ್ನು ತಡೆದುಕೊಂಡದ್ದು ಒಂದೇ ಮಾತಿನ ಮೇಲೆ. ಯಾರಾದರೂ ಅಯ್ಯೋ ಎಂದರೆ, "ನೀರು ಬಿದ್ದಿತ್ತು. ಅಷ್ಟಾಯ್ತಲ್ಲ, ಸಾಕು" ಎನ್ನುತ್ತಿದ್ದಳು. ನೀರು ಬಿದ್ದ ಮಗು ದೇವರ ಹತ್ತಿರ ಇರುತ್ತದೆ. ತಾನೂ ಒಂದು ದಿನ ಹೋಗುತ್ತೇನೆ. ಅಲ್ಲಿ ಅದನ್ನು ಎತ್ತಿಕೊಳ್ಳುತ್ತೇನೆ. ಇದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ರೊಟ್ಟಿಯ ಹಿಟ್ಟು ನಾದುವಾಗಲೂ ಅವಳು ಆ ಭೇಟಿಯ ಬಗ್ಗೆ ಮಾತಾಡುತ್ತಿದ್ದಳು.

ವರ್ಷಗಳು ಕಳೆದವು. ಹಂದಿಯ ಕೊಬ್ಬು, ಜೋಳ, ಕಪ್ಪು ಅವರೆ ಎಲ್ಲ ದೋಣಿ ಹತ್ತಿ ಪೇಟೆಗೆ ಹೋಗತೊಡಗಿದ ಮೇಲೆ ನಮ್ಮವರ ಕೈಯಲ್ಲಿ ನಾಲ್ಕು ಕಾಸು ಆಡಿತು. ಕಾಸು ಆಡಿದೊಡನೆ ಮೂಗು ಸೂಕ್ಷ್ಮವಾಯಿತು. "ಬೇರೆ ಪಿಕಾಡಾಗಳಲ್ಲಿ ಜರ್ಮನಿಯಲ್ಲಿ ಓದಿ ಬಂದ ಪಾದ್ರಿಗಳಿದಾರೆ. ನಮ್ಮ ಪಾದ್ರಿ ಪಕ್ಕ ಬಂದ್ರೆ ತೊಗಲಿನ ವಾಸನೆ" ಎಂದು ರಿಟ್ಸೆಲ್ ಅಂಗಡಿಕಟ್ಟೆಯಲ್ಲಿ ಶುರು ಮಾಡಿದ. ಓದಿದ ಪಾದ್ರಿಯನ್ನು ಕರೆಸುವ ಮಾತು ಸಭೆಗೆ ಬಂದಾಗ ಮೊದಲು ಕೈಯೆತ್ತಿದವನು ಫಿಲಿಪ್. ಅವನಿಗೂ ವಯಸ್ಸಾಗಿತ್ತು, ಪುಸ್ತಕದ ಅಕ್ಷರ ಮಸುಕಾಗುತ್ತಿತ್ತು. ಬರುವವನು ತನ್ನ ಕೈ ಹಿಡಿದು, ಇಷ್ಟು ದಿನ ನೀವು ಕಾಪಾಡಿಕೊಂಡು ಬಂದಿರಿ ಎಂದು ಒಂದು ಮಾತು ಹೇಳುತ್ತಾನೆ ಎಂದು ನಂಬಿದ್ದ ಪುಣ್ಯಾತ್ಮ. ಪಾದ್ರಿಯ ಮನೆಗೂ ತನ್ನ ಮರಗಳನ್ನೇ ಕೊಟ್ಟ.

ಬಂದವನು ಸ್ಟಾಮರ್. ಎಳೆ ವಯಸ್ಸು, ಬಿಳಿಚಿದ ಮುಖ, ಅವರೆ ಜೀರ್ಣವಾಗದ ಹೊಟ್ಟೆ. ಫಿಲಿಪ್ ಕೋಟು ಉಜ್ಜಿ ತೊಟ್ಟು, ಪ್ರಭುಭೋಜನದ ತವರದ ಬಟ್ಟಲನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಅವನ ಕೈಗಿಟ್ಟ. ಸ್ಟಾಮರ್ ಬಟ್ಟಲನ್ನು ತಿರುಗಿಸಿ ನೋಡಿ, "ತಾವು ಎಲ್ಲಿ ವ್ಯಾಸಂಗ ಮಾಡಿದಿರಿ?" ಎಂದು ಕೇಳಿದ.

"ನಮ್ಮಪ್ಪನ ಅಂಗಡೀಲಿ. ಜೋಡು ಹೊಲಿಯೋದು ಕಲ್ತೆ" ಎಂದ ಫಿಲಿಪ್, ನಗುತ್ತ. ಸ್ಟಾಮರ್ ನಗಲಿಲ್ಲ.

ಮೊದಲ ಭಾನುವಾರದ ಪ್ರಸಂಗದಲ್ಲೇ ಅವನು ಎಲ್ಲವನ್ನೂ ಗುಡಿಸಿ ಹಾಕಿದ. "ಮಕ್ಕಳು ಮನೆಯಾಟ ಆಡುವಾಗ ಗಂಡ, ಹೆಂಡತಿ, ಪಾದ್ರಿ ಎಲ್ಲರೂ ಇರುತ್ತಾರೆ. ಅದು ಮಕ್ಕಳ ತಪ್ಪಲ್ಲ. ಆದರೆ ಆಟ ಮುಗಿದ ಮೇಲೆ ಮನೆಗೆ ಬರಬೇಕು. ಪ್ರಿಯರೇ, ಇಲ್ಲಿ ಆಟ ಮುಗಿದಿದೆ" ಎಂದ. ಅಧಿಕಾರವಿಲ್ಲದವನು ಮಾಡಿಸಿದ ಮದುವೆಗಳನ್ನು ಮತ್ತೆ ವಿಧಿಪೂರ್ವಕ ಮಾಡಬೇಕು. ಅವನು ನೀರು ಹಾಕಿದ ಮಕ್ಕಳನ್ನು ವೇದಿಕೆಯ ಮುಂದೆ ತರಬೇಕು, ತಾನು ಕೈಯಿಟ್ಟು ದೃಢಪಡಿಸುತ್ತೇನೆ ಎಂದ. ಫಿಲಿಪ್ ತಾನು ಹಲಗೆ ಹೊಡೆಸಿದ ನೆಲವನ್ನೇ ನೋಡುತ್ತ ಕುಳಿತಿದ್ದ. ಅವನ ಕಡೆ ತಿರುಗಿ ನೋಡುವ ಧೈರ್ಯ ಒಬ್ಬರಿಗೂ ಇರಲಿಲ್ಲ, ರಿಟ್ಸೆಲ್‌ನ ಹೊರತು.

ಆರಾಧನೆ ಮುಗಿದು ಜನ ಬಾಗಿಲಲ್ಲಿ ಪಾದ್ರಿಯ ಕೈ ಕುಲುಕುತ್ತಿದ್ದಾಗ ಯೂಲಿಯಾನಾ ಮುಂದೆ ಬಂದಳು.

"ಪಾದ್ರಿಗಳೇ, ಸತ್ತ ಮಕ್ಕಳನ್ನ ಹೇಗೆ ತರೋದು?"

"ಏನಮ್ಮ?"

"ನನ್ನ ನಿಕ್ಕೆಲ್ ಹುಟ್ಟಿದ ಗಳಿಗೇಲೇ ಹೋಗ್ಬಿಟ್ಟ. ಅಷ್ಟರಲ್ಲಿ ಇವನು ನೀರು ಹಾಕಿದ್ದ. ಅದು ಸೇರುತ್ತೋ ಇಲ್ವೋ?"

ಸ್ಟಾಮರ್ ಒಮ್ಮೆ ಜನರನ್ನು, ಒಮ್ಮೆ ಫಿಲಿಪ್ಪನನ್ನು ನೋಡಿದ. "ಸತ್ತವರ ವಿಷಯ ದೇವರಿಗೆ ಬಿಟ್ಟದ್ದು" ಎಂದ. "ನಿನ್ನ ಗಂಡನಿಗೆ ಅಧಿಕಾರವಿರಲಿಲ್ಲ ಎಂಬುದಷ್ಟೇ ನನಗೆ ಗೊತ್ತು."

ಯೂಲಿಯಾನಾ ಮನೆ ಸೇರಿ ಒಲೆ ಹೊತ್ತಿಸಿದಳು, ಅವರೆ ಬೇಯಲಿಟ್ಟಳು. ಆಮೇಲೆ ಬೆನ್ನು ತಿರುಗಿಸಿಯೇ ಕೇಳಿದಳು:

"ನಿನಗೆ ಗೊತ್ತಿತ್ತಾ, ಹಕ್ಕಿಲ್ಲ ಅಂತ?"

"ಆವತ್ತು ಯಾರಿಗೆ ಗೊತ್ತಿತ್ತೇ? ಮಗು ಹೋಗ್ತಾ ಇತ್ತು."

"ನಿನಗೆ ಗೊತ್ತಿರ್ಬೇಕಿತ್ತು. ಪಾದ್ರಿ ಅನ್ನಿಸ್ಕೊಳ್ಳೋಕೆ ಎಷ್ಟು ಆಸೆ ಇತ್ತು ನಿನಗೆ! ನನ್ನ ಮಗೂನೂ ಬಿಡ್ಲಿಲ್ಲ."

ಈ ಮಾತು ಅವನಿಗೆ ಚುಚ್ಚಿದ್ದು ಅದರಲ್ಲಿ ಅರ್ಧ ನಿಜವಿತ್ತೆಂದು. ಪೂರ್ತಿ ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು.

ಆ ಚಳಿಗಾಲವೆಲ್ಲ ಪಿಕಾಡಾದಲ್ಲಿ ಮದುವೆಗಳೇ ಮದುವೆಗಳು. ಮೊಮ್ಮಕ್ಕಳಿದ್ದವರು ಕೈ ಹಿಡಿದುಕೊಂಡು ಸಾಲಾಗಿ ನಿಂತರು. "ಮತ್ತೆ ಇವಳನ್ನೇ ಕಟ್ಕೋಬೇಕಾ ಪಾದ್ರಿಗಳೇ? ಬೇರೆ ಯಾರನ್ನಾದ್ರೂ ನೋಡ್ಕೊಳ್ಳೋ ಅವಕಾಶ ಇಲ್ವಾ?" ಎಂದು ರಿಟ್ಸೆಲ್ ಕೇಳಿದರೆ, ಅವನ ಹೆಂಡತಿ, "ನಿನ್ನ ಹೊಟ್ಟೆ ನೋಡಿ ಯಾವಳು ಬರ್ತಾಳೆ? ಸುಮ್ನೆ ನಿಂತ್ಕೋ" ಎಂದು ಗದರಿದಳು. ಮದುವೆಯೆಂದರೆ ಜೋಡು ಬೇಕಲ್ಲ! ಎಲ್ಲರೂ ತಮ್ಮ ಹಳೇ ಜೋಡುಗಳನ್ನು ಫಿಲಿಪ್ಪನ ಹತ್ತಿರವೇ ತಂದರು. ತಾನು ಮಾಡಿಸಿದ ಮದುವೆಗಳನ್ನು ಅಳಿಸಿಹಾಕಲು ಹೊರಟವರ ಕಾಲಿಗೆ ಅವನೇ ಅಟ್ಟೆ ಹಾಕಿಕೊಟ್ಟ. ಒಬ್ಬರಿಗಾದರೂ ನಾಚಿಕೆಯಾಯಿತೇ? ಆಗಲಿಲ್ಲ. ಸಂಜೆಯೊಳಗೆ ಸಿಗುತ್ತದೆಯೇ ಎಂದು ಕೇಳಿಹೋದರು.

ಕೊನೆಗೆ, ಅಪ್ಪನ ಕೈಯಿಂದಲೇ ಮದುವೆಯಾಗಿದ್ದ ಲೀಸ್ಬೆತ್ ಬಂದಳು. ಸೆರಗಿನಂತೆ ಮೈಗೆ ಸುತ್ತಿದ್ದ ಶಾಲಿನೊಳಗೆ ಜೋಡು ಅಡಗಿಸಿಕೊಂಡಿದ್ದಳು.

"ಅಪ್ಪ, ಬೇಜಾರು ಮಾಡ್ಕೋಬೇಡ. ಊರೆಲ್ಲ ಹೋಗ್ತಿದೆ. ನಾವೊಬ್ರೇ ಹೋಗ್ದೆ ಇದ್ರೆ ನಾಳೆ ನನ್ನ ಮಕ್ಕಳನ್ನ ಏನಂತಾರೆ ಹೇಳು?"

"ನಾನೇನಾದ್ರೂ ಅಂದ್ನಾ?"

"ಅನ್ನಲ್ಲ ನೀನು. ಅದಕ್ಕೇ ಕಷ್ಟ."

"ಕೊಡು ಇಲ್ಲಿ. ಹಿಮ್ಮಡಿ ಸವೆದಿದೆ" ಎಂದ ಫಿಲಿಪ್. ಅವಳು ಹೋದ ಮೇಲೆ ಆ ಜೋಡನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ. ಆಮೇಲೆ ಹಿಮ್ಮಡಿ ಹೊಡೆದ.

ಹಾಗೆಂದು ಎಲ್ಲರೂ ಸ್ಟಾಮರನ ಹಿಂದೆ ಹೋದರೆಂದಲ್ಲ. ಪಿಕಾಡಾದ ಮೇಲ್ತುದಿಯ ಕೆಲವು ಮನೆಯವರು, "ನಾವು ಒಂದ್ಸಲ ಮದುವೆ ಆಗಿದೀವಿ, ಅದೇ ಹೆಚ್ಚು" ಎಂದು ಕುಳಿತರು. ಮಗು ಹುಟ್ಟಿದರೆ ಹಿತ್ತಿಲ ಬಾಗಿಲಿಂದ ಫಿಲಿಪ್ಪನನ್ನೇ ಕರೆಯುತ್ತಿದ್ದರು. ಅವನು ಹೋಗುತ್ತಿರಲಿಲ್ಲ. ಹೋಗದಿದ್ದರೂ, ಕರೆಯುತ್ತಾರೆಂಬುದೇ ಸ್ಟಾಮರನಿಗೆ ನಿದ್ದೆ ಕೆಡಿಸುವ ಸಂಗತಿ.

ಬೇಸಿಗೆಯ ಹೊತ್ತಿಗೆ ಯೂಲಿಯಾನಾ ಹಾಸಿಗೆ ಹಿಡಿದಳು. ಹೊಟ್ಟೆ ಊದಿತು, ಜ್ವರ ಬಿಡಲಿಲ್ಲ. ಬಾರ್ಬೆಲ್ ಕಷಾಯ ಕಾಯಿಸಿ ಕಾಯಿಸಿ ಸೋತು, "ಇನ್ನು ನನ್ನ ಕೈಯಲ್ಲಿಲ್ಲ ಕಣೋ ಫಿಲಿಪ್" ಎಂದಳು. ಸಾಯುವುದಕ್ಕೆ ಯೂಲಿಯಾನಾ ಹೆದರುವ ಹೆಂಗಸಲ್ಲ. ಎಷ್ಟೋ ವರ್ಷದಿಂದ ಆ ಪ್ರಯಾಣಕ್ಕೆ ಅವಳು ಒಂದು ರೀತಿ ಗಂಟುಮೂಟೆ ಕಟ್ಟಿಕೊಂಡೇ ಇದ್ದವಳು. ಈಗ ಹೋದರೆ ಅಲ್ಲಿ ಮಗು ಇಲ್ಲದಿದ್ದರೆ? ಅದೊಂದೇ ಅವಳನ್ನು ತಿನ್ನುತ್ತಿತ್ತು. "ಅವನು ಎಲ್ಲಿದಾನೆ ಹೇಳು, ಎಲ್ಲಿಟ್ಟಿದೀಯ ಅವನನ್ನ?" ಎಂದು ಫಿಲಿಪ್ಪನ ಅಂಗಿ ಹಿಡಿದು ಕೇಳುತ್ತಿದ್ದಳು. ಅವನು ಏನು ಹೇಳಿದರೂ ಕೇಳುತ್ತಿರಲಿಲ್ಲ. "ನೀನು ಸುಮ್ನಿರು, ನೀನು ಜೋಡು ಹೊಲಿಯೋನು."

ಫಿಲಿಪ್ ಮಾನ ಮರ್ಯಾದೆ ಎಲ್ಲ ಕಟ್ಟಿಟ್ಟು ಸ್ಟಾಮರನ ಮನೆಗೆ ಹೋದ. ಪಾದ್ರಿ ಅಕ್ಕಿಯ ಗಂಜಿ ಕುಡಿಯುತ್ತಿದ್ದ.

"ಪಾದ್ರಿಗಳೇ, ಅವಳು ಹೋಗ್ತಾಳೆ. ಒಂದೇ ಒಂದು ಮಾತು ಬಂದು ಹೇಳಿ. ಮಗು ಚೆನ್ನಾಗಿದೆ ಅನ್ನಿ. ಸುಳ್ಳಾದ್ರೂ ಪರ್ವಾಗಿಲ್ಲ."

ಸ್ಟಾಮರ್ ಚಮಚ ಕೆಳಗಿಟ್ಟ. "ಸುಳ್ಳು ಹೇಳಬೇಕಾಗಿಲ್ಲ" ಎಂದ ನಿಧಾನವಾಗಿ. "ಸಾಯುತ್ತಿರುವ ಮಗುವಿಗೆ ಯಾವ ಕ್ರೈಸ್ತನಾದರೂ ದೀಕ್ಷಾಸ್ನಾನ ಕೊಡಬಹುದು. ಆ ಸೂಲಗಿತ್ತಿ ಕೊಟ್ಟಿದ್ದರೂ ಸಲ್ಲುತ್ತಿತ್ತು. ನಮ್ಮ ಸಭೆ ಮೊದಲಿನಿಂದಲೂ ಹಾಗೇ ಬೋಧಿಸುತ್ತದೆ."

ಫಿಲಿಪ್ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಮತ್ತೆ ಆವತ್ತು ಯಾಕೆ ಹೇಳ್ಲಿಲ್ಲ?"

"ಎಲ್ಲರೆದುರು ಕೇಳಿದಳು. ಅದು ಸಲ್ಲುತ್ತದೆ ಎಂದಿದ್ದರೆ ಪ್ರತಿಯೊಬ್ಬರೂ ಹಾಗಾದರೆ ನಮ್ಮದೂ ಸಲ್ಲುತ್ತದೆ ಅನ್ನುತ್ತಿದ್ದರು. ಈ ಸಭೆಯನ್ನು ನಾನು ಹೇಗೆ ನಡೆಸಲಿ?"

ಕೇಳಿದಿರಲ್ಲ. ಒಬ್ಬ ತಾಯಿ ವರ್ಷಗಟ್ಟಲೆ ನೆಚ್ಚಿಕೊಂಡಿದ್ದ ಒಂದೇ ಒಂದು ನಂಬಿಕೆಯನ್ನು ಇವನು ಕಿತ್ತುಕೊಂಡದ್ದು ಜನ ಸಾಲಿನಲ್ಲಿ ಸರಿಯಾಗಿ ನಿಲ್ಲಲಿ ಎಂದು. ಅದನ್ನು ಹೇಳುವಾಗ ಅವನಿಗೆ ನಾಚಿಕೆಯಾಗಿತ್ತು, ಅಷ್ಟು ಹೇಳಬೇಕು. ಆದರೂ ವ್ಯಾಪಾರ ಬಿಡಲಿಲ್ಲ. ಮೇಲ್ತುದಿಯ ಮನೆಗಳವರು ಬಗ್ಗದೆ ಕುಳಿತಿದ್ದಾರೆ; ಫಿಲಿಪ್ ತಾನೇ ಎದ್ದು ನಿಂತು, ತಾನು ಪಾದ್ರಿಯಲ್ಲ, ತಾನು ಮಾಡಿದ್ದು ಯಾವುದೂ ಸಲ್ಲದು ಎಂದು ಸಭೆಯೆದುರು ಹೇಳಿದರೆ ಜಗಳ ಮುಗಿಯುತ್ತದೆ. ನಾಳೆ ಭಾನುವಾರ. ಅದಾದ ಮೇಲೆ ತಾನು ಯೂಲಿಯಾನಾಳ ಹತ್ತಿರ ಬಂದು ಸತ್ಯ ಹೇಳುತ್ತೇನೆ ಎಂದ.

ಮೊದಲು ನೀವು ಬನ್ನಿ, ಆಮೇಲೆ ನಾನು ಹೇಳುತ್ತೇನೆ ಎನ್ನಬೇಕಾಗಿತ್ತು ಫಿಲಿಪ್. ದನ ಮಾರುವಾಗಲೂ ಯಾರೂ ಮೊದಲು ಹಗ್ಗ ಬಿಟ್ಟುಕೊಡುವುದಿಲ್ಲ. ಆದರೆ ಅವನ ತಲೆಯಲ್ಲಿ ಇದ್ದದ್ದು ಒಂದೇ: ನೀರು ಸಲ್ಲುತ್ತದೆ, ನೀರು ಸಲ್ಲುತ್ತದೆ. ಅದೇ ರಾತ್ರಿ ಅವಳಿಗೆ ಹೇಳಲು ನೋಡಿದ. "ಪಾದ್ರಿ ಹೇಳಿದ್ರು ಕಣೇ, ಸರಿಯಾಗಿದೆಯಂತೆ" ಎಂದರೆ, "ಅವರೇ ಬಂದು ಹೇಳ್ಲಿ" ಎಂದು ಕಣ್ಣು ಮುಚ್ಚಿದಳು.

ಭಾನುವಾರ ಅವನು ಕೋಟಿಲ್ಲದೆ ಚರ್ಚಿಗೆ ಹೋದ. ಪ್ರಸಂಗ ಮುಗಿದ ಮೇಲೆ ಸ್ಟಾಮರ್ ಕಣ್ಸನ್ನೆ ಮಾಡಿದ. ಫಿಲಿಪ್ ಎದ್ದು ಜನರ ಕಡೆ ತಿರುಗಿದ. ಅಲ್ಲಿದ್ದ ಅರ್ಧದಷ್ಟು ತಲೆಗಳಿಗೆ ಅವನೇ ನೀರು ಹಾಕಿದ್ದ.

"ನಾನು ಪಾದ್ರಿಯಲ್ಲ. ಯಾವತ್ತೂ ಆಗಿರ್ಲಿಲ್ಲ" ಎಂದ. "ನಾನು ಇಷ್ಟು ವರ್ಷ ಮಾಡಿದ್ದು ಯಾವುದೂ ಸಲ್ಲಲ್ಲ. ನಿಮಗೆಲ್ಲ ಮೋಸ ಮಾಡ್ದೆ. ದೇವರು ಕ್ಷಮಿಸ್ಲಿ." ಕಲಿತು ಬಂದದ್ದನ್ನು ಒಪ್ಪಿಸಿದ ಹಾಗೆ ಒಪ್ಪಿಸಿ ಕುಳಿತ. ಮೇಲ್ತುದಿಯ ಮುದುಕನೊಬ್ಬ, "ಥೂ! ನಿನಗೋಸ್ಕರ ಜಗಳಾಡಿದ್ವಲ್ಲೋ!" ಎಂದು ಎದ್ದು ಹೋದ.

ಅಂದು ಪಾದ್ರಿಗೆ ಊಟ ರಿಟ್ಸೆಲ್‌ನ ಮನೆಯಲ್ಲಿ. ಹಂದಿ ಹುರಿದಿದ್ದರು, ಜಗಳ ಮುಗಿದ ಸಂತೋಷಕ್ಕೆ ಬೀರು ತೆರೆದಿದ್ದರು. ಊಟ ಮುಗಿಸಿ ಬರುತ್ತೇನೆಂದ ಸ್ಟಾಮರ್. ಫಿಲಿಪ್ ರಿಟ್ಸೆಲ್‌ನ ಬೇಲಿಯ ಹೊರಗೆ, ಬಿಸಿಲಲ್ಲಿ, ಅವನನ್ನು ಕರೆದುಕೊಂಡೇ ಹೋಗಬೇಕೆಂದು ಕಾದು ನಿಂತ. ಅಷ್ಟರಲ್ಲಿ ಬಾರ್ಬೆಲ್ ರೋಗಿಯನ್ನು ನೋಡಲು ಹೋಗಿದ್ದಳು. ಅವಳದು ಕೆಟ್ಟ ಮನಸ್ಸಲ್ಲ. ಆದರೆ ಕಿವಿಗೆ ಬಿದ್ದ ಸುದ್ದಿ ಅವಳ ಬಾಯಲ್ಲಿ ನಿಲ್ಲುವುದಿಲ್ಲ.

ಸ್ಟಾಮರನನ್ನು ಕರೆದುಕೊಂಡು ಫಿಲಿಪ್ ಒಳಗೆ ಬಂದಾಗ ಬಾರ್ಬೆಲ್ ಮಂಚದ ಪಕ್ಕ ಬಾಯಿ ಮುಚ್ಚಿಕೊಂಡು ಕುಳಿತಿದ್ದಳು. ಯೂಲಿಯಾನಾ ಎದ್ದು ಗೋಡೆಗೊರಗಿದ್ದಳು. ಸ್ಟಾಮರ್ ಹೇಳಬೇಕಾದ್ದನ್ನೆಲ್ಲ ಹೇಳಿದ, ಚೆನ್ನಾಗಿಯೇ ಹೇಳಿದ: ಆ ಸ್ನಾನ ಸಲ್ಲುತ್ತದೆ, ಮಗು ದೇವರ ಮಡಿಲಲ್ಲಿದೆ, ಅಂದೇ ಹೇಳದಿದ್ದದ್ದು ನನ್ನ ತಪ್ಪು.

ಅವಳು ಅವನ ಕಡೆ ನೋಡಲೇ ಇಲ್ಲ. ಗಂಡನನ್ನೇ ನೋಡುತ್ತಿದ್ದಳು.

"ಬೆಳಿಗ್ಗೆ ಚರ್ಚಲ್ಲಿ ಯಾವುದೂ ಸಲ್ಲಲ್ಲ ಅಂದ್ಯಂತೆ. ಹೌದಾ?"

"ಹೌದು ಕಣೇ. ಆದ್ರೆ ಅದು..."

"ಎಲ್ಲರ ಮುಂದೆ? ವೇದಿಕೆ ಹತ್ರ ನಿಂತು?"

"ಇವ್ರು ಬರ್ಲಿ ಅಂತ ಹೇಳ್ದೆ. ಅದು ಸುಳ್ಳು ಯೂಲಿಯಾನಾ. ನಿನಗೋಸ್ಕರ ಸುಳ್ಳು ಹೇಳ್ದೆ."

ಸಿಟ್ಟಿರಲಿಲ್ಲ ಅವಳ ಮುಖದಲ್ಲಿ. ಸಿಟ್ಟಿದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ದೇವರೆದುರಿಗೆ ನಿಂತು ಸುಳ್ಳು ಹೇಳೋ ಬಾಯಿ ಅದು" ಎಂದಳು. "ಆ ಬಾಯಲ್ಲಿ ದೇವರ ಹೆಸರು ಹೇಳಿ ಹಾಕಿದ ನೀರು ನೀರೇ ಫಿಲಿಪ್, ಇನ್ನೇನೂ ಅಲ್ಲ."

ಗೋಡೆಯ ಕಡೆ ಹೊರಳಿ ಮಲಗಿದಳು. ಗುರುವಾರ ಸತ್ತಳು. ಅಲ್ಲಿಯ ತನಕ ಲೀಸ್ಬೆತಳೊಡನೆ ಮಾತಾಡಿದಳು, ಬಾರ್ಬೆಲಳೊಡನೆ ಮಾತಾಡಿದಳು, ಹಂದಿಗಳಿಗೆ ಹಾಕಿದರಾ ಎಂದು ವಿಚಾರಿಸಿದಳು. ನಿಕ್ಕೆಲನ ಹೆಸರೆತ್ತಲಿಲ್ಲ. ಸ್ಟಾಮರ್ ವಿಧಿಪೂರ್ವಕ ಹೂಳಿಸಿದ, ಯಾವ ಲೋಪವೂ ಆಗಲಿಲ್ಲ. ಫಿಲಿಪ್ ಆಮೇಲೆ ಬಹಳ ವರ್ಷ ಬದುಕಿದ. ಯಾರಾದರೂ ಹಳೇ ಅಭ್ಯಾಸದಿಂದ 'ಪಾದ್ರಿಗಳೇ' ಎಂದು ಕರೆದರೆ ಅವನು ತಲೆಯೆತ್ತುತ್ತಿರಲಿಲ್ಲ. ಪ್ರಾರ್ಥನೆಯನ್ನು ಪೂರ್ತಿ ಬಿಟ್ಟುಬಿಟ್ಟ. ಏಕೆಂದು ಮಗಳು ಕೇಳಿದ್ದಕ್ಕೆ, "ದೇವರನ್ನ ಏನಂತ ಬೇಡ್ಲಿ? ಸತ್ತ ಮೇಲೆ ನಾನು ಎಲ್ಲಿಗೆ ಹೋದ್ರೂ ಅಲ್ಲಿ ನಿಮ್ಮಮ್ಮ ಇರ್ತಾಳೆ. ಮಗು ಅವಳ ಕೈಯಲ್ಲಿದ್ರೆ ಮುಖ ಹೇಗೆ ತೋರಿಸ್ಲಿ, ಇಲ್ದಿದ್ರೆ ಹೇಗೆ ತೋರಿಸ್ಲಿ?" ಎಂದ.